ಪ್ರಶ್ನೋತ್ತರ: ‘ಸ್ಪೆಷಲ್ ಸ್ಕೂಲಿಗೆ ಹಾಕಿ’ ಅಂದರೆ ಏನು ಮಾಡೋದು?

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯ ಒಬ್ಬ ತಾಯಿ): ನಮಸ್ತೆ ಮೇಡಂ. ನಾವು ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಇರೋದು. ಮಗನಿಗೆ ಎಂಟು ವರ್ಷ, ಎರಡನೇ ಕ್ಲಾಸು. ಮಾತು ಸರಿಯಾಗಿ ಬಂದಿಲ್ಲ, ಅಕ್ಷರ ಹತ್ತುತ್ತಿಲ್ಲ, ಕೂತಲ್ಲಿ ಕೂರಲ್ಲ. ಶಾಲೆಯವರು ‘ಇವನನ್ನ ಸ್ಪೆಷಲ್ ಸ್ಕೂಲಿಗೆ ಹಾಕಿ, ಟಿ.ಸಿ. ಕೊಡ್ತೀವಿ’ ಅಂತಿದ್ದಾರೆ. ದಿನಾ ಅಷ್ಟು ದೂರ ಕರ್ಕೊಂಡು ಹೋದ್ರೆ ನನ್ನ ಕೂಲಿ ಹೋಗುತ್ತೆ. ಸರ್ಕಾರದಿಂದ ಏನಾದ್ರೂ ದಾರಿ ಇದೆಯಾ?

ಉತ್ತರ (ವಿಶೇಷ ಶಿಕ್ಷಕಿ): ಅಕ್ಕಾ, ಟಿ.ಸಿ. ಮಾತ್ರ ತಗೋಬೇಡಿ. ಶಿಕ್ಷಣ ಹಕ್ಕು ಕಾಯ್ದೆ (2009) ಪ್ರಕಾರ ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಇದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನೋ ಆಯ್ಕೆ ಮನೆಯವರದ್ದು, ಶಾಲೆಯವರದ್ದಲ್ಲ. ಸುಂಟಿಕೊಪ್ಪದ ಸ್ವಸ್ಥ, ಪಾಲಿಬೆಟ್ಟದ ಚೆಶೈರ್ ಹೋಮ್ ಒಳ್ಳೆಯ ವಿಶೇಷ ಶಾಲೆಗಳೇ. ಆದರೆ ನಾಪೋಕ್ಲಿಂದ ದಿನಾ ಹೋಗಿಬರೋದು ಎಂಟು ವರ್ಷದ ಮಗುವಿಗೂ ಕಷ್ಟ, ನಿಮಗೂ ಕಷ್ಟ.

ಮೊದಲ ಕೆಲಸ, ಮಗನ ಕಿವಿ ಪರೀಕ್ಷೆ. ಮಾತು ತಡ, ಗಮನ ಇಲ್ಲ ಅಂತ ನಾವು ಅಂದುಕೊಂಡ ಎಷ್ಟೋ ಮಕ್ಕಳಿಗೆ ಸರಿಯಾಗಿ ಕೇಳಿಸುತ್ತಲೇ ಇರುವುದಿಲ್ಲ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಯು.ಡಿ.ಐ.ಡಿ. ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅರ್ಜಿಯನ್ನು ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ ಹಾಕಿಸಿ, ಅದು ಅವರದೇ ಕೆಲಸ. ಸರ್ಕಾರಿ ಬಸ್ಸಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ನಿಮ್ಮ ಟಿಕೆಟ್ ದುಡ್ಡು ಉಳಿಯುತ್ತೆ.

ಎರಡನೇದು, ಕಾರ್ಡು ಬರಲಿ ಅಂತ ಕಾಯದೆ ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಕೊಡಿ: ‘ನನ್ನ ಮಗನನ್ನು ಎಸ್.ಎ.ಟಿ.ಎಸ್.ನಲ್ಲಿ (ಇಲಾಖೆಯ ವಿದ್ಯಾರ್ಥಿ ದಾಖಲೆ) ವಿಶೇಷ ಅಗತ್ಯವುಳ್ಳ ಮಗು ಎಂದು ದಾಖಲಿಸಿ, ಬಿ.ಐ.ಇ.ಆರ್.ಟಿ. ಶಿಕ್ಷಕರಿಂದ ತಪಾಸಣೆ ಮಾಡಿಸಿ.’ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಶಾಲೆಗಳಿಗೆ ಬರುವ ವಿಶೇಷ ಶಿಕ್ಷಕರೇ ಈ ಬಿ.ಐ.ಇ.ಆರ್.ಟಿ.ಗಳು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕದಲ್ಲಿ ಹಣ ಬರುತ್ತೆ. ಅದು ಕೈಗೆ ಸಿಗುವ ದುಡ್ಡಲ್ಲ. ಸಲಕರಣೆ, ಥೆರಪಿ, ಪ್ರಯಾಣ ಭತ್ಯೆ ಎಲ್ಲ ಆ ಲೆಕ್ಕದಿಂದಲೇ. ಆ ದಾಖಲೆಯಲ್ಲಿ ಹೆಸರೇ ಇಲ್ಲದಿದ್ದರೆ ಇಲಾಖೆಯ ಪಾಲಿಗೆ ಮಗುವೇ ಇಲ್ಲ. ಲೈನ್ ಮನೆಯ, ಹಾಡಿಯ (ಬುಡಕಟ್ಟು ಜನರ ಕೇರಿ) ಮಕ್ಕಳು ಬಿಟ್ಟುಹೋಗುವುದು ಇಲ್ಲೇ, ನನಗೆ ತುಂಬ ಸಂಕಟವಾಗುವುದೂ ಇಲ್ಲೇ.

ಪ್ರಶ್ನೆ (ಕುಟ್ಟ ಕಡೆಯಿಂದ): ನಮ್ಮ ತಂಗಿ ಮಗಳಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರಲ್ಲ). ಮನೆಗೇ ಟೀಚರ್ ಬಂದು ಕಲಿಸ್ತಾರೆ. ಮಳೆಗಾಲದಲ್ಲಿ ಬರೋದೇ ನಿಂತುಹೋಗುತ್ತೆ.

ಉತ್ತರ: ತೀವ್ರ ವೈಕಲ್ಯದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಹಕ್ಕು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ ಬಂತು. ಅದು ನಿಮ್ಮ ಆಯ್ಕೆಯಾಗಿರಬೇಕು, ಮಗುವನ್ನು ಮನೆಯಲ್ಲೇ ಇಡಲು ನೆಪ ಆಗಬಾರದು. ಜೂನ್‌ನಿಂದ ಆಗಸ್ಟ್‌ವರೆಗಿನ ಚಟುವಟಿಕೆಗಳನ್ನು ಮೇ ತಿಂಗಳಲ್ಲೇ ಬರೆಸಿಟ್ಟುಕೊಳ್ಳಿ, ವ್ಯಾಯಾಮಗಳನ್ನು ತಾಯಿ ನೋಡಿ ಕಲಿಯಲಿ. ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ, ಖಾತೆಗೆ ಬರುತ್ತಿದೆಯಾ ನೋಡಿ.

ಪ್ರಶ್ನೆ (ಗ್ರಾ.ಪಂ. ಸದಸ್ಯರೊಬ್ಬರು): ಪಂಚಾಯಿತಿ ಹಣದಲ್ಲಿ ಅಂಗವಿಕಲರಿಗೆ ಅಂತ ಶೇ 5 ಮೀಸಲಿಡ್ತೀವಿ. ಶಾಲೆಗೆ ಏನು ಮಾಡಿದರೆ ನಿಜವಾಗಿ ಉಪಯೋಗ?

ಉತ್ತರ: ಕೇಳಿದ್ದಕ್ಕೆ ತುಂಬ ಸಂತೋಷ ಸರ್. ಇರುವ ರ‍್ಯಾಂಪ್ ಅಳೆಯಿಸಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಇಳಿಜಾರಿನ ಜಾಗ ಅಂತ ನಮ್ಮಲ್ಲಿ ಅರ್ಧಕ್ಕೇ ಮುಗಿಸಿಬಿಡ್ತಾರೆ, ಮೇಲೆ ನುಣ್ಣಗೆ ಗಾರೆ. ಜುಲೈ ಬರುವಷ್ಟರಲ್ಲಿ ಪಾಚಿ ಕಟ್ಟಿ, ನಡೆಯಬಲ್ಲ ಮಕ್ಕಳೇ ಜಾರಿ ಬೀಳ್ತಾರೆ. ಗೆರೆ ಎಳೆದ ಒರಟು ಮೇಲ್ಮೈ, ಎರಡೂ ಕಡೆ ಹಿಡಿದುಕೊಳ್ಳೋ ಕಂಬಿ, ಸಾಧ್ಯವಾದರೆ ಮೇಲೊಂದು ಮಾಡು (ಚಾವಣಿ) ಬೇಕು.

ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಶೀಟಿನ ಮಾಡಿನ ಕ್ಲಾಸಿನಲ್ಲಿ ಮಳೆ ಹೊಡೆಯುವಾಗ ಶ್ರವಣಯಂತ್ರ ಟೀಚರ್ ದನಿಗಿಂತ ಮಳೆಯ ಸದ್ದನ್ನೇ ಜೋರು ಮಾಡಿ ಕೊಡುತ್ತೆ. ಒಬ್ಬ ಹುಡುಗಿ ಮಳೆ ಶುರುವಾದ ಕೂಡಲೇ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದಳು, ‘ಸೋಮಾರಿ’ ಅಂತ ಬೈಸಿಕೊಳ್ಳುತ್ತಿದ್ದಳು. ಒಳಗೊಂದು ಸೀಲಿಂಗ್ ಹಾಕಿಸಿ. ಶಾಲೆ ರಿಪೇರಿಯ ಕ್ರಿಯಾಯೋಜನೆಯಲ್ಲೇ ಸೇರಿಸಿದರಾಯ್ತು. ಯಂತ್ರ ರಾತ್ರಿ ಒಣಗಲು ಸಿಲಿಕಾ ಜೆಲ್ ಹಾಕಿದ ಡಬ್ಬಿ ಸಾಕು, ನಮ್ಮ ತೇವಕ್ಕೆ ಅದಿಲ್ಲದೆ ಯಂತ್ರ ಬಾಳುವುದಿಲ್ಲ.

ಕ್ಯಾಂಪ್ ಮಾಡಿ ಗಾಲಿಕುರ್ಚಿ ಹಂಚುವುದಕ್ಕಿಂತ ಮಕ್ಕಳನ್ನು ಥೆರಪಿಗೆ ಕರ್ಕೊಂಡು ಹೋಗುವ ದಿನಕ್ಕೆ ಒಂದು ಜೀಪು ಗೊತ್ತುಮಾಡುವುದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ವಿಶೇಷ ಶಿಕ್ಷಕರು ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಾವು ಒಬ್ಬೊಬ್ಬರು ಎಷ್ಟೋ ಶಾಲೆ ಸುತ್ತುತ್ತೇವೆ, ಅರ್ಧ ದಿನ ದಾರಿಯಲ್ಲೇ ಹೋಗುತ್ತೆ. ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ನಡಾವಳಿಗೆ ಹಾಕಿಸಿ ಜಿಲ್ಲಾ ಪಂಚಾಯಿತಿಗೆ ಕಳಿಸಿ, ಪ್ಲೀಸ್.

ಮೊದಲು ಕೇಳಿದ ತಾಯಿ: ಮೇಡಂ, ಹೆಡ್‌ಮಾಸ್ಟರ್ ಅರ್ಜಿ ತಗೊಳ್ಳಲ್ಲ ಅಂದ್ರೆ?

ಉತ್ತರ: ಸ್ಪೀಡ್ ಪೋಸ್ಟಲ್ಲಿ ಶಾಲೆಗೇ ಕಳಿಸಿ, ಒಂದು ಪ್ರತಿ ಮಡಿಕೇರಿ ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ರಸೀದಿ ಜೋಪಾನ. ಬರೆಯೋಕೆ ಕಷ್ಟ ಆದರೆ ನನಗೆ ಮೆಸೇಜ್ ಹಾಕಿ, ಇವತ್ತು ರಾತ್ರಿಯೇ ಬರೆದು ಕಳಿಸ್ತೀನಿ.