ಸಹಾಯ ಬೇಕು: ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳ ಕೈಕೆಲಸ ಹೇಗೆ ಪರೀಕ್ಷೆ ಮಾಡೋದು?

ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ) ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅರೇಬಿಕಾ ಕೊಯ್ಲು ಶುರುವಾಯಿತೆಂದರೆ ಹಲ್ಲರ್, ಎಲಿವೇಟರ್, ಗ್ರೇಡರ್ ಯಾವ ಯಂತ್ರವೂ ನಿಲ್ಲುವ ಹಾಗಿಲ್ಲ. ಅಷ್ಟರೊಳಗೆ ಒಬ್ಬ ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್ ಬೇಕು.

ಕಳೆದ ಸಲ ಸರ್ಟಿಫಿಕೇಟ್ ನೋಡಿ, ನಾಲ್ಕು ಪ್ರಶ್ನೆ ಕೇಳಿ ತೆಗೆದುಕೊಂಡೆವು. ಬಾಯಲ್ಲಿ ಎಲ್ಲ ಸರಿ ಹೇಳಿದ ಹುಡುಗ, ಶಾಫ್ಟ್‌ಗೆ ಬೇರಿಂಗ್ ಕೂರಿಸುವಾಗ ಹೊರ ರಿಂಗಿಗೆ ಸುತ್ತಿಗೆಯಲ್ಲಿ ಬಾರಿಸಿದ. ಬಿಗಿಯಾಗಿ ಕೂರಬೇಕಾದ್ದು ಒಳ ರಿಂಗ್ ಅಲ್ವಾ? ಏಟೆಲ್ಲ ಒಳಗಿನ ಗುಂಡುಗಳ ಮೇಲೆ ಬಿತ್ತು. ಮೂರೇ ವಾರಕ್ಕೆ ಕರಕರ ಸದ್ದು. ತಪ್ಪು ಅವನದ್ದಲ್ಲ ಬಿಡಿ, ಕೆಲಸ ನೋಡದೆ ತೆಗೆದುಕೊಂಡ ನನ್ನದು.

ಈ ಸಲ ಮಾಡಿಸಿಯೇ ನೋಡಬೇಕು. ಎಲೆಕ್ಟ್ರಿಷಿಯನ್‌ಗೆ ಹಳೇ ಬೋರ್ಡಿನಲ್ಲಿ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಜೋಡಿಸಿಟ್ಟಿದ್ದೇನೆ. ಅದು ದೊಡ್ಡ ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಲ್ಲಿ ಶುರು ಮಾಡಿ, ಆಮೇಲೆ ಟೈಮರ್ ಮೂಲಕ ಡೆಲ್ಟಾಗೆ ಬದಲಿಸುತ್ತದೆ. 3 ಕಾಂಟಾಕ್ಟರ್ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್), ಒಂದು ಟೈಮರ್. ಟೈಮರ್‌ನ ಒಂದು ವೈರ್ ಬಿಚ್ಚಿದ್ದೇನೆ, ಮೋಟಾರ್ ಸ್ಟಾರ್‌ನಲ್ಲೇ ಉಳಿಯುತ್ತದೆ. ಕಾರಣ ಹುಡುಕಬೇಕು. ಉತ್ತರಕ್ಕಿಂತ ಜಾಸ್ತಿ ನಾನು ನೋಡುವುದು ಬೇರೆ: ಕೈ ಹಾಕುವ ಮೊದಲು ಮೈನ್ ಆಫ್ ಮಾಡಿ, ಮೀಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾನಾ?

ಫಿಟ್ಟರ್‌ಗೆ ಏನು ಕೊಡುವುದು ಅಂತ ಗೊತ್ತಾಗುತ್ತಿಲ್ಲ. ಡಯಲ್ ಗೇಜ್ (ಸಣ್ಣ ವ್ಯತ್ಯಾಸ ಅಳೆಯುವ ಮೀಟರ್) ಕೊಟ್ಟು ಕಪ್ಲಿಂಗ್ ಅಲೈನ್‌ಮೆಂಟ್, ಅಂದರೆ ಜೋಡಿಸಿದ ಎರಡು ಶಾಫ್ಟ್‌ಗಳನ್ನು ಒಂದೇ ಗೆರೆಗೆ ತರುವುದು, ಮಾಡಿಸಿದರೆ ಅರ್ಧ ದಿನ ಹೋಗುತ್ತದೆ. ಒಂದು ಗಂಟೆಯೊಳಗೆ ಮುಗಿಯುವಂಥದ್ದು ಬೇಕು. ಅಂಕ ಹೇಗೆ ಹಾಕುತ್ತೀರಿ? ವೇಗಕ್ಕೂ ಅಂಕ ಇರಬೇಕಾ?

ಹಾಸನ, ಚಿಕ್ಕಮಗಳೂರು ಕಡೆಯ ಐಟಿಐ ಮೇಷ್ಟ್ರುಗಳು, ಫ್ಯಾಕ್ಟರಿಯವರು ಯಾರಾದರೂ ನೀವು ಮಾಡಿಸುವ ಪರೀಕ್ಷೆ ಇಲ್ಲೇ ಬರೆಯಿರಿ. ಕೈಬರಹದ ಹಾಳೆಯ ಫೋಟೋ ಆದರೂ ಸಾಕು.