‘ಹರಡು’, ‘ಹಬ್ಬು’ ಬಿಟ್ಟು ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಒಂದೇ ಒಂದು ಕ್ರಿಯಾಪದಕ್ಕೆ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ. ಮೆಟಾಸ್ಟಾಸಿಸ್‌ಗೆ (ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ಮೈಯ ಬೇರೆ ಕಡೆ ಹೋಗಿ ಬೆಳೆಯುವುದಕ್ಕೆ) ನಾವೆಲ್ಲ ‘ಹರಡುವಿಕೆ’ ಅಂತ ಬರೆದು ಮುಂದೆ ಹೋಗುತ್ತೇವೆ. ‘ಹಬ್ಬು’ ಅಂದರೆ ಬಳ್ಳಿ ಹಬ್ಬಿದ ಹಾಗೆ, ನಡುವೆ ಎಲ್ಲೂ ಕಡಿಯದೆ ಹೋಗುವುದು. ಗಡ್ಡೆ ಪಕ್ಕದ ಮಾಂಸಕ್ಕೆ ನುಗ್ಗುವುದಕ್ಕೆ ಅದು ಸರಿ. ಆದರೆ ಸ್ತನದ ಗಡ್ಡೆಯಿಂದ ಕಳಚಿದ ಜೀವಕಣ ರಕ್ತದಲ್ಲಿ ತೇಲಿ ಶ್ವಾಸಕೋಶಕ್ಕೆ ಬರುವುದು ಹಾಗಲ್ಲ, ಅಲ್ವಾ?

ಮೈಯಲ್ಲಿ ಸುತ್ತಿ ಬಂದ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಹಾಗಾಗಿ ತೇಲಿ ಬಂದ ಕಣಕ್ಕೆ ಮೊದಲು ಎದುರಾಗುವ ಜರಡಿ ಹೆಚ್ಚಾಗಿ ಅದೇ. ಬಂದವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಉಳಿದ ಒಂದೋ ಎರಡೋ ಬೆಳೆಯಲು ಶುರುಮಾಡುತ್ತವಲ್ಲ, ಆ ‘ಶುರು’ವಿಗೆ ನನಗೆ ಪದ ಬೇಕು.

‘ಬೇರೂರು’ ಅಂತ ಮೊದಲು ಬರೆದಿದ್ದೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಕೂಡ ಬೀಜ ಮತ್ತು ಮಣ್ಣಿನ ಹೋಲಿಕೆಯನ್ನೇ ಕೊಟ್ಟಿದ್ದ, ಕಣ ಬೀಜ, ಅದು ಸೇರುವ ಅಂಗ ಮಣ್ಣು, ಮಣ್ಣು ಒಗ್ಗಿದರೆ ಮಾತ್ರ ಬೀಜ ಮೊಳೆಯುತ್ತದೆ ಅಂತ. ಆದರೆ 2000ದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಲಿಯ ಶ್ವಾಸಕೋಶದಲ್ಲಿ ನೋಡಿದ್ದೇ ಬೇರೆ. ಕಣ ರಕ್ತನಾಳದ ಒಳಗೋಡೆಗೆ ಅಂಟಿಕೊಂಡು, ಗೋಡೆ ದಾಟಿ ಹೊರಗೆ ಹೋಗುವ ಮೊದಲೇ ನಾಳದ ಒಳಗೇ ಒಂದು ಎರಡಾಗಿ, ಎರಡು ನಾಲ್ಕಾಗಿ ಗುಂಪು ಕಟ್ಟಿತ್ತು. ಇನ್ನೂ ಮಣ್ಣಿಗೇ ಇಳಿದಿಲ್ಲ, ಬೇರು ಎಲ್ಲಿಂದ ಬಂತು? ‘ನೆಲೆಯೂರು’ ಸುಮಾರಾಗಿ ಹೊಂದುತ್ತದೆ, ಆದರೆ ಅದರಲ್ಲಿ ಬೆಳೆಯುವ ಅರ್ಥ ಇಲ್ಲ, ಬಾಡಿಗೆ ಮನೆ ಸಿಕ್ಕ ಹಾಗೆ ಕೇಳಿಸುತ್ತದೆ. ‘ನೆಲ ಕಚ್ಚು’ ಅಂದರಂತೂ ಓದುಗರು ಕ್ಯಾನ್ಸರೇ ಸೋತಿತು ಅಂದುಕೊಂಡಾರು!

ನಮ್ಮ ಹಿತ್ತಲ ಮಾವಿನ ಮರದಲ್ಲಿ ಬದನಿಕೆ ಅನ್ನುವ ಪರಾವಲಂಬಿ ಗಿಡ ಇದೆ. ಹಕ್ಕಿ ಕೊಂಬೆಗೆ ಒರೆಸಿ ಹೋದ ಬೀಜ ಗೋಂದಿನ ಹಾಗೆ ಅಂಟಿಕೊಂಡು, ತೊಗಟೆಯ ಮೇಲೇ ಮೊಳೆತು, ಆಮೇಲೆ ಒಳಗೆ ಇಳಿಯುತ್ತದೆ. ಅದನ್ನು ನೋಡಿ ‘ಅಂಟಿ ಮೊಳೆ’ ಅಂತ ಬರೆದೆ. ಬದನಿಕೆ ಹೊರಗಿನದು, ಕ್ಯಾನ್ಸರ್ ಕಣ ನಮ್ಮ ಮೈಯದೇ, ಅಷ್ಟು ವ್ಯತ್ಯಾಸ ಗೊತ್ತಿದೆ. ಆದರೂ ನನಗೆ ಇದೇ ಜಾಸ್ತಿ ಹಿಡಿಸಿತು.

ಇನ್ನೊಂದು. ಸ್ತನ ಕ್ಯಾನ್ಸರ್ ಇದ್ದ ನಮ್ಮ ದೊಡ್ಡಮ್ಮನಿಗೆ ಸ್ಕ್ಯಾನ್ ಆದಾಗ ಶ್ವಾಸಕೋಶದಲ್ಲೂ ಗಡ್ಡೆ ಕಂಡಿತು, ಮನೆಯವರೆಲ್ಲ ‘ಶ್ವಾಸಕೋಶದ ಕ್ಯಾನ್ಸರ್ ಕೂಡ ಬಂತು’ ಅಂದುಕೊಂಡೆವು. ಅದು ಸ್ತನದ ಕ್ಯಾನ್ಸರೇ, ಜಾಗ ಮಾತ್ರ ಬೇರೆ, ಔಷಧಿಯೂ ಅದಕ್ಕೆ ತಕ್ಕಂತೆ. ‘ಶ್ವಾಸಕೋಶದ’ ಬದಲು ‘ಶ್ವಾಸಕೋಶದಲ್ಲಿನ’ ಅಂದರೆ ಸಾಕಾ, ಅಥವಾ ಅದೂ ಗೊಂದಲವಾ? ನಿಮ್ಮ ಕಡೆ ಹಳ್ಳಿಗಳಲ್ಲಿ ಹೀಗೆ ಅಂಟಿಕೊಂಡು ಮೊಳೆಯುವುದಕ್ಕೆ ಒಂದೇ ಮಾತು ಇದ್ದರೆ ದಯವಿಟ್ಟು ತಿಳಿಸಿ.