‘ಅರಸು’ ಅಂದರೆ ರಾಜನಾ, ಹುಡುಕೋದಾ?

ಮಕ್ಕಳಿಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಟ್ಟರೆ ಸಾಲದಾ ಅಂತ ಇಲ್ಲಿ ಒಬ್ಬರು ಕೇಳಿದ್ದರು. ನಾವೂ ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ಹಾಗೇ ಮಾಡುತ್ತಿದ್ದೆವು. ಈಗ ಬಿಟ್ಟಿದ್ದೇವೆ. ಯಾಕೆ ಅಂತ ಹೇಳುತ್ತೇನೆ.

ಹೋದ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆವು. ಒಂಬತ್ತು ವರ್ಷದ ಮಗಳ ಜೊತೆ ದೇವರಾಜ ಅರಸು ರಸ್ತೆಯಲ್ಲಿ ನಡೆಯುತ್ತಿದ್ದೆ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿದ್ದ ಹೆಸರನ್ನು ಅವಳು ‘ಅರ್ಸ್’ ಅಂತ ಓದಿದಳು. ಅವಳ ತಪ್ಪಿಲ್ಲ. ಅಲ್ಲಿರೋದೇ ಯು, ಆರ್, ಎಸ್. ದರ್ಗಾದಲ್ಲಿ ನಡೆಯುವ ಉರುಸ್‌ಗೂ ಇಂಗ್ಲಿಷಿನಲ್ಲಿ ಅದೇ ಮೂರು ಅಕ್ಷರ. ಅದು ಅರಬ್ಬಿ ಪದ, ಮೂಲದಲ್ಲಿ ಮದುವೆ ಅಂತ ಅರ್ಥ. ಸೂಫಿ ಸಂತರು ತೀರಿಕೊಂಡ ದಿನವನ್ನು ದೇವರನ್ನು ಸೇರಿದ ದಿನ ಅಂತ ಆಚರಿಸುತ್ತಾರೆ.

ಮನೆಗೆ ಬಂದು ತಾತನನ್ನು ಕೇಳಿದಳು. ‘ಅರಸು ಅಂದರೆ ರಾಜ ಕಣಮ್ಮ’ ಅಂದರು. ‘ನಿನ್ನೆ ಕನ್ನಡಕ ಕಾಲ ಹತ್ತಿರಾನೇ ಸಿಕ್ಕಾಗ ಅರಸುವ ಬಳ್ಳಿ ಕಾಲಿಗೆ ತೊಡರಿತು ಅಂದ್ರಲ್ಲ ತಾತ, ಬಳ್ಳೀನೂ ರಾಜನಾ?’

ನಲವತ್ತು ವರ್ಷ ಕನ್ನಡ ಮಾತಾಡಿದ ನನಗೆ ಈ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ.

ಅವು ಎರಡು ಬೇರೆ ಪದಗಳು. ರಾಜ ಅನ್ನೋ ಅರ್ಥದ್ದು ‘ರಾಜ’ದಿಂದಲೇ ಬಂದದ್ದು ಅಂತ ಪಂಡಿತರು ಹೇಳುತ್ತಾರೆ. ಹಳೆಯ ದ್ರಾವಿಡ ಮಾತಿನಲ್ಲಿ ಪದಗಳು ‘ರ’ದಿಂದ ಶುರುವಾಗುತ್ತಿರಲಿಲ್ಲ. ಹಾಗಾಗಿ ಮುಂದೆ ಒಂದು ‘ಅ’ ಬಂತು. ನಮ್ಮ ಶ್ರೀರಂಗಪಟ್ಟಣದ ರಂಗನಾಥ ತಮಿಳರಿಗೆ ‘ಅರಂಗನಾದನ್’ ಆಗೋದೂ ಹೀಗೇ. ಹುಡುಕು ಅನ್ನೋ ಅರ್ಥದ್ದು ಹಳಗನ್ನಡದಲ್ಲಿ ‘ಅಱಸು’. ಆ ‘ಱ’ ಬೇರೆಯೇ ಅಕ್ಷರ, ಒತ್ತಿ ಹೇಳುವ ರಕಾರ. ಶಕಟರೇಫ ಅಂತ ಅದರ ಹೆಸರು. ಅದು ಬಳಕೆ ತಪ್ಪಿ ‘ರ’ದೊಳಗೆ ಸೇರಿಹೋಯಿತು. ಸಂಬಂಧವೇ ಇಲ್ಲದ ಎರಡು ಪದ ಒಂದೇ ಥರ ಕಾಣೋಕೆ ಶುರುವಾದವು. ‘ಅರಸಿ’ ಅಂದರೆ ರಾಣಿಯೂ ಹೌದು, ಹುಡುಕಿಕೊಂಡು ಅಂತಲೂ ಹೌದು.

ಮಗಳಿಗೆ ಆ ‘ಱ’ ತುಂಬಾ ಹಿಡಿಸಿತು. ತಾತನ ಕೈಲಿ ಬರೆಸಿಕೊಂಡು, ತಾನೂ ಒಂದು ಹಾಳೆ ತುಂಬಾ ಬರೆದಳು. ಇಂಗ್ಲಿಷ್ ಅಕ್ಷರದಲ್ಲಿ ಇದನ್ನು ನಾನು ಹೇಗೆ ತೋರಿಸಲಿ?

ಈಗ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ತಾತ ಒಂದು ಪದ ಕೊಡುತ್ತಾರೆ, ಇವಳು ಕನ್ನಡದಲ್ಲೇ ಬರೆಯುತ್ತಾಳೆ. ಕಳೆದ ವಾರದ್ದು ‘ಕರಿ’. ಕಪ್ಪು, ಆನೆ, ಎಣ್ಣೆಯಲ್ಲಿ ಕರಿಯೋದು, ಮೂರನ್ನೂ ಅವಳೇ ಹೇಳಿದಳು. ಮುಂದಿನ ವಾರಕ್ಕೆ ನಿಮ್ಮ ಮನೆ ಮಕ್ಕಳು ಕೇಳಿದ ಒಂದು ಪದ ಕೊಡ್ತೀರಾ?